ವಾರಕ್ಕೊಂದೇ ದಿನದ ಗುಳಿಗೆ

ಸಂಧಿವಾತದವರ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಎಂದು ಬರೆದಿದ್ದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ: ‘ಇದು ಕ್ಯಾನ್ಸರ್ ಔಷಧಿಯಂತೆ!’ ಆರೋಗ್ಯ ಅಂಕಣಗಳೂ ಈ ಭಯಕ್ಕೇ ನೀರೆರೆಯುತ್ತವೆ. ಇಷ್ಟು ಅನ್ಯಾಯದ ಅಪಖ್ಯಾತಿ ಹೊತ್ತ ಔಷಧಿ ಇನ್ನೊಂದಿಲ್ಲ. ಕ್ಯಾನ್ಸರಿನಲ್ಲಿ ಕೆಲವೊಮ್ಮೆ ಗ್ರಾಂ ಲೆಕ್ಕದಲ್ಲಿ ಕೊಡುವುದು ನಿಜ. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಅಷ್ಟೇ. 1985ರ ಪ್ರಯೋಗಗಳು ಅದರ ಗುಣವನ್ನು ತೋರಿಸಿದವು, 1988ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ನಿಜವಾದ ಅಪಾಯವಿರುವುದು ‘ವಾರಕ್ಕೊಮ್ಮೆ’ ಎಂಬಲ್ಲಿ. ಔಷಧಿ ಜೀವಕೋಶದೊಳಗೆ ಹೊಕ್ಕು ಅಲ್ಲೇ ದಿನಗಟ್ಟಲೆ ಉಳಿಯುವುದರಿಂದ ಒಂದು ದಿನದ ಡೋಸು ವಾರಕ್ಕೆ ಸಾಕು. ಅದನ್ನೇ ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಅಸ್ಥಿಮಜ್ಜೆ ಸೋಲುತ್ತದೆ, ಬಿಳಿ ರಕ್ತಕಣಗಳು ಕುಸಿದು ಜೀವವೇ ಹೋಗಬಹುದು, ಹೋಗಿದೆ ಕೂಡ. ಚೀಟಿಯ ಉಳಿದ ಗುಳಿಗೆಗಳೆಲ್ಲ ದಿನಕ್ಕೆರಡು ಸಲ, ಇದೊಂದು ಮಾತ್ರ ಬೇರೆ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಕೂಡ ಇದರಂತೆಯೇ ಪುಟ್ಟ ಹಳದಿ ಗುಳಿಗೆಯಾಗಿರಬಹುದು. ವಯಸ್ಸಾದ ರೋಗಿ ತಪ್ಪಿದರೆ ಅವರನ್ನು ದೂರುವುದು ಕ್ರೌರ್ಯ. ‘ಭಾನುವಾರ ಮಾತ್ರ’ ಎಂದು ದಿನದ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಯದ ವೈದ್ಯರದೂ, ಬಾಯಿಬಿಟ್ಟು ಹೇಳದ ಔಷಧಿ ಅಂಗಡಿಯವರದೂ ಅಪರಾಧ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಈ ತಪ್ಪನ್ನು ತಡೆಯಲೆಂದೇ ಹೊಸ ಎಚ್ಚರಿಕೆಗಳನ್ನು ಹೊರಡಿಸಬೇಕಾಯಿತು.

ಇನ್ನೊಂದು ವಾದಕ್ಕೆ ಉತ್ತರ ಹೇಳಲೇಬೇಕು. ಫೋಲೇಟ್ ಎಂಬ ವಿಟಮಿನ್ನನ್ನು ತಡೆಯುವ ಈ ಔಷಧಿಯ ಜೊತೆ ಅದೇ ವಿಟಮಿನ್ನಿನ ರೂಪವಾದ ಫೋಲಿಕ್ ಆಸಿಡ್ ಕೊಟ್ಟರೆ ಗುಣವೇ ಹೋಗುತ್ತದೆ ಎನ್ನುವವರಿದ್ದಾರೆ. ತರ್ಕ ಚೆನ್ನಾಗಿದೆ, ರೋಗಿಗಳ ಅನುಭವ ಅದನ್ನು ಒಪ್ಪುವುದಿಲ್ಲ: ವಾಕರಿಕೆ ಕಡಿಮೆಯಾಗುತ್ತದೆ, ಯಕೃತ್ತಿನ ಕಿಣ್ವಗಳು ಅಷ್ಟು ಏರುವುದಿಲ್ಲ, ಕೀಲಿನ ಹಿತ ಹಾಗೆಯೇ ಉಳಿಯುತ್ತದೆ. ಈ ಸಣ್ಣ ಪ್ರಮಾಣದಲ್ಲಿ ಉರಿಯೂತವನ್ನು ತಗ್ಗಿಸುವುದು ಫೋಲೇಟಿನ ತಡೆಯಿಂದಲ್ಲ, ಬಹುಮಟ್ಟಿಗೆ ಅಡಿನೊಸಿನ್ ಎಂಬ ದೇಹದ್ದೇ ರಾಸಾಯನಿಕದ ಮೂಲಕ ಎಂದು ನಂಬಲಾಗಿದೆ ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಗರ್ಭಿಣಿಯರಿಗೆ ಸಲ್ಲದು; ಮದ್ಯದ ಜೊತೆ ಸೇರದು; ಮೂತ್ರಪಿಂಡ ಸೋತವರಲ್ಲಿ ಸಣ್ಣ ಡೋಸೂ ವಿಷವಾದೀತು; ಅಪರೂಪಕ್ಕೆ ಶ್ವಾಸಕೋಶದಲ್ಲಿ ಉರಿಯೂತವಾಗುತ್ತದೆ. ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಆದರೂ ಇದನ್ನು ಹಳೆಯ ಮದ್ದೆಂದು ಬದಿಗೆ ಸರಿಸುವವರು ಗಮನಿಸಲಿ: ಅಡಾಲಿಮುಮಾಬ್‌ನಂಥ ದುಬಾರಿ ಚುಚ್ಚುಮದ್ದೂ ಮೆಥೊಟ್ರೆಕ್ಸೇಟ್ ಜೊತೆಗಿದ್ದಾಗಲೇ ಹೆಚ್ಚು ಕೆಲಸ ಮಾಡುತ್ತದೆ.