ಪರಿಮಳವನ್ನು ಕೇಳುವವರು

ನಾವು ರುಚಿ ನೋಡುತ್ತೇವೆ, ವಾಸನೆಯನ್ನೂ ನೋಡುತ್ತೇವೆ. ಅಲ್ಲಿ ಕಣ್ಣಿಗೇನು ಕೆಲಸ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಜಪಾನೀಯರು ಪರಿಮಳವನ್ನು ‘ಕೇಳು’ತ್ತಾರೆ. ಅವರ ‘ಕಿಕು’ ಪದಕ್ಕೂ ನಮ್ಮ ‘ಕೇಳು’ವಿನ ಹಾಗೆಯೇ ಎರಡರ್ಥ: ಆಲಿಸುವುದು, ಪ್ರಶ್ನಿಸುವುದು.

ಕ್ಯೋಟೊದ ಗಿಂಕಾಕುಜಿ ಮಂದಿರಕ್ಕೆ ಹೋದವರೆಲ್ಲ ಮರಳದಿಬ್ಬದ ಫೋಟೊ ಹೊಡೆದುಕೊಂಡು ಬರುತ್ತಾರೆ. ಆ ಮಂದಿರವನ್ನು ತನ್ನ ವಿಶ್ರಾಂತಿಗೆಂದು ಕಟ್ಟಿಸಿದ ಶೋಗನ್ ಆಶಿಕಾಗ ಯೋಶಿಮಾಸ ರಾಜ್ಯಭಾರದಲ್ಲಿ ಸೋತವನು, ಅಭಿರುಚಿಯಲ್ಲಿ ಗೆದ್ದವನು. 15ನೇ ಶತಮಾನದ ಕೊನೆಗೆ ಅವನ ಸುತ್ತ ನೆರೆದ ರಸಿಕರ ನಡುವೆ ‘ಕೋದೊ’, ಅಂದರೆ ಧೂಪದ ಕಲೆ, ರೂಪು ತಳೆಯಿತು. ಓಇಯೆ, ಶಿನೊ ಎಂಬ ಎರಡು ಪರಂಪರೆಗಳು ಇವತ್ತಿಗೂ ನಡೆದುಬಂದಿವೆ.

ಮೂಲದ್ರವ್ಯ ಅಗರು. ಅದು ಜಪಾನಿನಲ್ಲಿ ಬೆಳೆಯುವುದಿಲ್ಲ, ಆಗ್ನೇಯ ಏಷ್ಯಾದ ಕಾಡುಗಳಿಂದ ಬರಬೇಕು. ಅತ್ಯುತ್ತಮ ಅಗರಿಗೆ ಅವರಿಟ್ಟ ಹೆಸರು ‘ಕ್ಯಾರ’. ಸಂಸ್ಕೃತದ ‘ಕಾಲಾಗುರು’ ಸವೆದು ಉಳಿದದ್ದು ಎನ್ನುತ್ತಾರೆ. ನಮ್ಮ ಊದಿನಕಡ್ಡಿಗೆ ಅಗರಬತ್ತಿ ಎಂಬ ಹೆಸರಿದೆ, ಅಗರು ಮಾತ್ರ ಹುಡುಕಿದರೂ ಸಿಗದು! ಕ್ಯೋಟೊದ ಧೂಪದಂಗಡಿಗಳಲ್ಲಿ ಮೈಸೂರು ಗಂಧಕ್ಕೆ ‘ರೋಝಾನ್’ ಎಂಬ ಗೌರವದ ಹೆಸರುಂಟು.

ಕೋದೊ ಕೂಟಕ್ಕೆ ಹೊಗೆಯನ್ನು ನಿರೀಕ್ಷಿಸಿ ಹೋದವರು ಪೆಚ್ಚಾಗುತ್ತಾರೆ. ಅಂಗೈಗೆ ಹಿಡಿಸುವ ಬಟ್ಟಲಲ್ಲಿ ನುಣ್ಣನೆಯ ಬೂದಿ, ಅದರೊಳಗೆ ಹೂತ ಕೆಂಡ, ಮೇಲೊಂದು ಅಭ್ರಕದ ತೆಳುಬಿಲ್ಲೆ. ಅದರ ಮೇಲೆ ಅಕ್ಕಿಕಾಳಿನಷ್ಟು ಮರದ ಚೂರು. ಅದು ಉರಿಯುವುದಿಲ್ಲ, ಬರೀ ಕಾಯುತ್ತದೆ. ಬಟ್ಟಲನ್ನು ಎಡಗೈಯಲ್ಲಿಟ್ಟು ಬಲಗೈಯಿಂದ ಮರೆಮಾಡಿ ಮೂರು ಸಲ ಉಸಿರೆಳೆಯಬೇಕು. ಬಿಡುವ ಉಸಿರು ಪಕ್ಕಕ್ಕೆ. ಬೂದಿಗೆ ತಾಗಿದರೆ ಮುಗಿಯಿತು.

ನಾನು ಕೂತದ್ದು ‘ಗೆಂಜಿಕೋ’ ಎಂಬ ಆಟಕ್ಕೆ. ಐದು ಬಗೆಯ ಮರ, ತಲಾ ಐದು ಪೊಟ್ಟಣ. ಒಟ್ಟು 25ನ್ನು ಕಲಸಿ ಐದನ್ನು ಎತ್ತಿಕೊಳ್ಳುತ್ತಾರೆ. ಕೇಳಿದ ಪ್ರತಿ ಬಟ್ಟಲಿಗೂ ಒಂದು ಉದ್ದಗೆರೆ ಎಳೆದು, ಒಂದೇ ಪರಿಮಳ ಅನ್ನಿಸಿದವುಗಳ ನೆತ್ತಿಯನ್ನು ಅಡ್ಡಗೆರೆಯಿಂದ ಜೋಡಿಸಬೇಕು. ಹೀಗೆ 52 ಚಿತ್ರಗಳು ಸಾಧ್ಯ. ‘ಗೆಂಜಿ ಮೊನೊಗತಾರಿ’ ಕಾದಂಬರಿಯ 54 ಅಧ್ಯಾಯಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ಒಂದೊಂದಕ್ಕೆ ಒಂದೊಂದರ ಹೆಸರು. ಕಿಮೊನೊ ಸೆರಗಿನಲ್ಲೂ ಮಿಠಾಯಿ ಡಬ್ಬಿಯ ಮೇಲೂ ಕಾಣುವ ಬಾಚಣಿಗೆಯಂಥ ವಿನ್ಯಾಸ ಇದೇ.

ಮೂರನೆಯ ಬಟ್ಟಲು ಬರುವ ಹೊತ್ತಿಗೆ ನನಗೆ ಮೊದಲನೆಯದೇ ಮರೆತಿತ್ತು. ಮೂಗಿಗಿಂತ ನೆನಪೇ ಕೈಕೊಡುವ ಆಟ ಇದು. ಕೊನೆಗೆ ಊಹೆಯ ಮೇಲೆ ಗೆರೆ ಎಳೆದು ಚೀಟಿ ಮಡಚಿದೆ. ಎಲ್ಲರ ಉತ್ತರಗಳನ್ನೂ ಕುಂಚದಲ್ಲಿ ಬರೆದ ಹಾಳೆ ಕೈಯಿಂದ ಕೈಗೆ ಬಂತು. ನಾನು ಬೇರೆ ಯಾವುದೋ ಅಧ್ಯಾಯದಲ್ಲಿದ್ದೆ. ಪಕ್ಕದಲ್ಲಿದ್ದ ಅಜ್ಜಿಯ ಹೆಸರಿನ ಕೆಳಗೆ ಒಂದೇ ಅಕ್ಷರ: ‘ರತ್ನ’. ಎಲ್ಲವೂ ಸರಿ ಎಂದರ್ಥ. ಆಕೆ ಅದರತ್ತ ನೋಡದೆ, ಆರುತ್ತಿದ್ದ ಕೊನೆಯ ಬಟ್ಟಲನ್ನು ಇನ್ನೊಮ್ಮೆ ಕೊಡಿ ಎಂದು ಕೈಚಾಚಿದರು.