ತಾಳಕ್ಕೆ ಸಿಗದ ನೀರು

ನಗೆ ಅನಿಲವೆಂದೇ ಹೆಸರಾದ ನೈಟ್ರಸ್ ಆಕ್ಸೈಡನ್ನು ಕೊಳವೆಯಲ್ಲಿ ತುಂಬಿ, ಅದರ ಮೂಲಕ ಟೆರಾಹರ್ಟ್ಸ್ ವಿಕಿರಣದ ಅತಿ ಕಿರು ಸ್ಪಂದವೊಂದನ್ನು ಹಾಯಿಸುವುದು: ಭೌತವಿಜ್ಞಾನಿಗಳಾದ ಹಾರ್ಡೆ, ಕೈಡಿಂಗ್, ಗ್ರಿಶ್ಕೋವ್ಸ್ಕಿ 1991ರಲ್ಲಿ ಪ್ರಕಟಿಸಿದ ಪ್ರಯೋಗ ಇಷ್ಟೇ. ಸ್ಪಂದ ದಾಟಿಹೋದ ಮೇಲೂ ಅನಿಲ ಸುಮ್ಮನಾಗಲಿಲ್ಲ; 39.8 ಪಿಕೋಸೆಕೆಂಡಿಗೊಮ್ಮೆ ತಾನೇ ಒಂದು ಸ್ಪಂದವನ್ನು ಹೊರಸೂಸುತ್ತ ಹೋಯಿತು. ಮೂರೂ ಪರಮಾಣುಗಳು ಒಂದೇ ಗೆರೆಯಲ್ಲಿರುವ ಈ ಅಣು ತಿರುಗುವಾಗ ಹೀರಿ ಸೂಸುವ ಕಂಪನಾಂಕಗಳೆಲ್ಲ ಹೆಚ್ಚುಕಡಿಮೆ 25 ಗಿಗಾಹರ್ಟ್ಸ್‌ನ ಗುಣಕಗಳು. ಬೇರೆ ಬೇರೆ ನಡೆಯಲ್ಲಿ ಸಾಗುವ ವಾದ್ಯಗಳು ಸಮಕ್ಕೆ ಬಂದು ಕೂಡುವ ಹಾಗೆ, ಐವತ್ತಕ್ಕೂ ಹೆಚ್ಚು ಕಂಪನಗಳು ಪ್ರತಿ ಆವರ್ತಕ್ಕೂ ಒಂದಾಗುತ್ತಿದ್ದವು.

ಸೊಗಸಾದ ಪ್ರಯೋಗ, ನಿಜ. ಅಳತೆಯ ಸಾಧನವಾಗಿ ನೋಡಿದರೆ ಮಾತ್ರ ಮೆಚ್ಚುಗೆ ತುಸು ಇಳಿಯುತ್ತದೆ. ಇಲ್ಲಿ ಕಾಲವನ್ನು ಅಳೆಯುವುದು ಲೇಸರ್ ಬೆಳಕಿನ ದಾರಿಯಲ್ಲಿರುವ ಕನ್ನಡಿ ಸರಿಸಿ. 15 ಸೆಂ.ಮೀ. ಸರಿಸಿದರೆ ಬೆಳಕು ಹೋಗಿಬರುವ ದಾರಿ 30 ಸೆಂ.ಮೀ. ಹೆಚ್ಚಿ, ಒಂದು ನ್ಯಾನೊಸೆಕೆಂಡ್ ಸಿಗುತ್ತದೆ. ಅಷ್ಟು ಕಾಲದ ದಾಖಲೆಯಿಂದ ಒಂದು ಗಿಗಾಹರ್ಟ್ಸ್‌ಗಿಂತ ಹತ್ತಿರದ ಎರಡು ರೋಹಿತ ರೇಖೆಗಳನ್ನು, ಎಂದರೆ ಅಣು ಹೀರುವ ಎರಡು ಕಂಪನಾಂಕಗಳನ್ನು, ಬಿಡಿಸಿ ನೋಡುವುದು ಕಷ್ಟ. ಮೈಕ್ರೋವೇವ್ ಸ್ಪೆಕ್ಟ್ರೋಸ್ಕೋಪಿಯವರು ಕಿಲೋಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ರೇಖೆ ಎಲ್ಲಿದೆ ಎಂದಷ್ಟೇ ತಿಳಿಯಬೇಕಾದವರಿಗೆ ಈ ಲೇಸರ್ ಸಂಭ್ರಮ ಬೇಡ.

ಬೇಕಾಗುವುದು ಒಂದು ರೇಖೆಗೂ ಇನ್ನೊಂದಕ್ಕೂ ಏನು ನಂಟು ಎಂದು ಕೇಳುವವರಿಗೆ. ಎಂಐಟಿಯ ಕೀತ್ ನೆಲ್ಸನ್ ತಂಡ 2016ರಲ್ಲಿ ಅಸಿಟೋನೈಟ್ರೈಲ್ ಆವಿಗೆ ಎರಡು ಬಲವಾದ ಸ್ಪಂದಗಳನ್ನು ಕೊಟ್ಟು, ಅವುಗಳ ನಡುವಿನ ಬಿಡುವನ್ನು ಬದಲಿಸುತ್ತ ಎರಡು ಆಯಾಮದ ರೋಹಿತ ಪಡೆಯಿತು. ಅದೂ ಸಮ ಅಂತರದ ರೇಖೆಗಳಿರುವ, ಹೇಳಿದಂತೆ ಕೇಳುವ ಅಣುವೇ.

ನನಗೆ ಹೆಚ್ಚು ಗಟ್ಟಿಯೆನಿಸುವುದು 2021ರಲ್ಲಿ ಅದೇ ತಂಡದಿಂದ ಬಂದ ನೀರಾವಿಯ ಅಧ್ಯಯನ. ಟೆರಾಹರ್ಟ್ಸ್ ಪ್ರಯೋಗಾಲಯಗಳಲ್ಲಿ ನೀರಾವಿ ಎಂದರೆ ಕಿರಿಕಿರಿ. ಉಪಕರಣದ ಪೆಟ್ಟಿಗೆಗೆ ಒಣ ನೈಟ್ರೋಜನ್ ಹರಿಸಿ ಅದನ್ನು ಓಡಿಸುತ್ತಾರೆ. ನೀರಿನ ಅಣುವಿನ ಮೂರು ಅಕ್ಷಗಳಿಗೂ ಜಡತ್ವ ಬೇರೆ ಬೇರೆ. ರೇಖೆಗಳಿಗೆ ಸಮ ಅಂತರವಿಲ್ಲ, ನಗೆ ಅನಿಲದ ಅಚ್ಚುಕಟ್ಟು ಮರುಕಳಿಕೆಯೂ ಇಲ್ಲ. ಆದರೂ ಎರಡು ಆಯಾಮದ ನಕ್ಷೆಯಲ್ಲಿ, ಬೇರೆ ಬೇರೆ ಎರಡು ಅಣುಗಳ ಕಂಪನಾಂಕಗಳನ್ನು ಕೂಡಿದರೆ ಬರುವ ಮೊತ್ತದಿಂದ ತುಸುವೇ ಪಕ್ಕಕ್ಕೆ ಸರಿದ ಶಿಖರಗಳು ಕಂಡವು. ಅಣುಗಳು ತಮ್ಮಷ್ಟಕ್ಕೆ ತಾವು ತಿರುಗುತ್ತಿದ್ದರೆ ಹೀಗೆ ಸರಿಯಲು ಕಾರಣವೇ ಇಲ್ಲ. 100 ಪಿಕೋಸೆಕೆಂಡ್ ಅಥವಾ ಇನ್ನೂ ಹೆಚ್ಚು ಹೊತ್ತು ಜೊತೆಗೂಡಿರುವ ನೀರಿನ ಅಣುಕೂಟಗಳ ಗುರುತು ಅವು ಎಂಬುದು ತಂಡದ ವಿವರಣೆ.

ವಾದ ನಂಬುವಂತಿದೆ, ಅರ್ಧದಷ್ಟು. ಶಿಖರ ಸರಿದಿರುವುದರಿಂದ ಕೂಟವಿದೆ ಎನ್ನಬಹುದು. ಆದರೆ ಅದರಲ್ಲಿರುವುದು ಎರಡು ಅಣುವೋ ಮೂರೋ, ಒಂದಕ್ಕೊಂದು ಯಾವ ಮಗ್ಗುಲಿನಿಂದ ಅಂಟಿವೆ ಎಂಬುದನ್ನು ಅದು ಎಷ್ಟು ಸರಿದಿದೆ ಎಂಬ ಒಂದೇ ಸಂಖ್ಯೆ ಹೇಳಲಾರದು.