70ರ ಗೆರೆ ದಾಟಿದ ಮಾತ್ರಕ್ಕೆ ಮಾರಬೇಕೆ?

ಮೂಡಿಗೆರೆ ತಾಲ್ಲೂಕಿನ ದೇವರಮನೆ ಸುತ್ತಿನ ತೋಟಗಳಲ್ಲಿ ಕಾಫಿ ಒಣಗಿ ಮೂಟೆ ಸೇರಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಈಗ ಕೊಡುವುದೋ, ಕಾಯುವುದೋ? ಬೆಳೆಯನ್ನು ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ 1990ರ ದಶಕದಲ್ಲಿ ಕೊನೆಗೊಂಡ ಮೇಲೆ ಈ ತೀರ್ಮಾನ ಬೆಳೆಗಾರರ ಹೆಗಲಿಗೇ ಬಿದ್ದಿದೆ. ಷೇರು ಇಟ್ಟುಕೊಂಡವರದೂ ಇದೇ ಪ್ರಶ್ನೆ. ಇಬ್ಬರಿಗೂ ಚಾರ್ಟ್ ನೋಡುವವರು ಕೊಡುವ ಸಿದ್ಧ ಉತ್ತರ: 'ಓವರ್‌ಬಾಟ್ (ಮಿತಿಮೀರಿ ಕೊಂಡದ್ದು) ಆಗಿದೆ, ಮಾರಿಬಿಡಿ.'

ಈ ಮಾತಿಗೆ ಹೆಚ್ಚಾಗಿ ಆಧಾರವಾಗುವುದು ಅಮೆರಿಕದ ತಾಂತ್ರಿಕ ವಿಶ್ಲೇಷಕ ವೆಲ್ಸ್ ವೈಲ್ಡರ್ 1978ರಲ್ಲಿ ಪ್ರಕಟಿಸಿದ ಆರ್‌ಎಸ್‌ಐ (ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್) ಸೂಚ್ಯಂಕ. ಲೆಕ್ಕ ಸರಳ. 14 ದಿನಗಳ ಸರಾಸರಿ ಏರಿಕೆ 6 ರೂಪಾಯಿ, ಸರಾಸರಿ ಇಳಿಕೆ 2 ರೂಪಾಯಿ ಎಂದುಕೊಳ್ಳಿ. ಏರಿಕೆ ಇಳಿಕೆಯ ಮೂರು ಪಟ್ಟು, ಎಂದರೆ ಎರಡರ ಮೊತ್ತದಲ್ಲಿ ಏರಿಕೆಯ ಪಾಲು ನೂರಕ್ಕೆ 75; ಅದೇ ಸೂಚ್ಯಂಕ. ಅದು 70 ದಾಟಿದರೆ ಓವರ್‌ಬಾಟ್, 30ಕ್ಕಿಂತ ಇಳಿದರೆ ಓವರ್‌ಸೋಲ್ಡ್ (ಮಿತಿಮೀರಿ ಮಾರಿದ್ದು).

ಏರಿಕೆ 60 ಪೈಸೆ, ಇಳಿಕೆ 20 ಪೈಸೆ ಆಗಿದ್ದರೂ ಉತ್ತರ ಅದೇ 75. ಕಂಪನಿಯ ಲಾಭ, ಸಾಲ, ಫಸಲು, ಬರ ಯಾವುದೂ ಈ ಲೆಕ್ಕದೊಳಗಿಲ್ಲ. ಇತ್ತೀಚಿನ ಏರಿಳಿತದಲ್ಲಿ ಏರಿಕೆಯ ಪಾಲು ಎಷ್ಟು ಎಂಬುದನ್ನಷ್ಟೇ ಇದು ಅಳೆಯುತ್ತದೆ. ಬೆಲೆ ಅತಿಯಾಯಿತೇ ಎಂಬುದನ್ನಲ್ಲ. ಬೆಲೆ ಒಂದು ಮಿತಿಯೊಳಗೆ ಏರಿಳಿಯುವಾಗ ಇದರ ಎಚ್ಚರಿಕೆ ಉಪಯುಕ್ತ. ಏರುಗತಿ ಗಟ್ಟಿಯಾಗಿದ್ದಾಗ ಸೂಚ್ಯಂಕ ವಾರಗಟ್ಟಲೆ 70ರ ಮೇಲೆಯೇ ಇರಬಲ್ಲದು.

ಕಾಫಿಯನ್ನೇ ನೋಡಿ. 2024ರ ಆರಂಭದಲ್ಲಿ ಟನ್ನಿಗೆ 3,000 ಡಾಲರ್ ಆಸುಪಾಸಿನಲ್ಲಿದ್ದ ಲಂಡನ್ ಮಾರುಕಟ್ಟೆಯ ರೋಬಸ್ಟಾ ಬೆಲೆ ಸೆಪ್ಟೆಂಬರ್ ಹೊತ್ತಿಗೆ 5,000 ಡಾಲರ್ ಮೀರಿತ್ತು. ವಿಯೆಟ್ನಾಂನ ಬರ, ಪೂರೈಕೆಯ ಕೊರತೆ ಅದರ ಹಿಂದಿದ್ದವು. ಏರಿಕೆ ಅತಿಯಾಯಿತೆಂದು ಆರಂಭದಲ್ಲೇ ಇಡೀ ದಾಸ್ತಾನು ಕೊಟ್ಟವರಿಗೆ ಮುಂದಿನ ಏರಿಕೆ ದಕ್ಕಲಿಲ್ಲ. ಹಾಗೆಂದು ಏರಿದ್ದು ಇಳಿಯುವುದೇ ಇಲ್ಲ ಎಂದೂ ಅಲ್ಲ: 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿದ್ದ ನ್ಯೂಯಾರ್ಕ್ ಅರೇಬಿಕಾ ಜುಲೈ ಹೊತ್ತಿಗೆ 3 ಡಾಲರಿಗಿಂತ ಕೆಳಗಿಳಿದಿತ್ತು.

ಹೀಗಾಗಿ ಆರ್‌ಎಸ್‌ಐ ಕೆಲಸಕ್ಕೆ ಬಾರದ ಸಾಧನವಲ್ಲ. ಅದರ ಎಚ್ಚರಿಕೆಯನ್ನು ಅಪ್ಪಣೆಯೆಂದು ತಿಳಿಯುವ ರೂಢಿ ಮಾತ್ರ ಅಪಾಯಕಾರಿ. ಸೂಚ್ಯಂಕ 70 ದಾಟಿದಾಗ ಏರಿಕೆಯ ಕಾರಣ ಇನ್ನೂ ಉಳಿದಿದೆಯೇ ಎಂದು ವಿಚಾರಿಸಿ. ಷೇರಾದರೆ ಕಂಪನಿಯ ತ್ರೈಮಾಸಿಕ ಲೆಕ್ಕ ಓದಿ. ಕಾಫಿಯಾದರೆ ಬ್ರೆಜಿಲ್, ವಿಯೆಟ್ನಾಂ ಫಸಲಿನ ಸುದ್ದಿ ನೋಡಿ. ಸಾಲ ತೀರಿಸಲು, ಕೂಲಿ ಕೊಡಲು ಬೇಕಾದಷ್ಟನ್ನು ಮಾರಿ, ಉಳಿದದ್ದನ್ನು ಕಂತಿನಲ್ಲಿ ಕೊಡಿ. ವರ್ಷದ ದುಡಿಮೆಯನ್ನು ಒಂದೇ ಅಂಕಿಯ ಮಾತು ಕೇಳಿ ಮಾರಬೇಡಿ.